ಸೂಗಪ್ಪನ ಖಾನಾವಳಿಯ ಮೊಲ

ಬಾಲಾನಗರದ ಕಾರ್ಖಾನೆಗಳ ಹಿಂದಿನ ಗಲ್ಲಿಯೊಂದರಲ್ಲಿ ಸೂಗಪ್ಪನ ಖಾನಾವಳಿ ಇದೆ. ಕೆಳಗೆ ಊಟದ ಕೋಣೆ, ಅದರ ಹಿಂದೆ ಅಡುಗೆಮನೆ, ಮೇಲೆ ಮನೆ. ಲೇತ್ ಮಷೀನಿನ ಮುಂದೆ ನಿಂತು ಬೆನ್ನು ನೋಯಿಸಿಕೊಂಡವರು, ರಾಯಚೂರು, ಕಲಬುರಗಿ ಕಡೆಯಿಂದ ಬಂದು ಒಂದೇ ಕೋಣೆಯಲ್ಲಿ ಗುಂಪಾಗಿ ಇರುವವರು, ಹೆಂಡತಿ ತವರಿಗೆ ಹೋದಾಗ ಮಾತ್ರ ಖಾನಾವಳಿಯ ನೆನಪಾಗುವವರು, ಎಲ್ಲರೂ ಮಧ್ಯಾಹ್ನವೂ ರಾತ್ರಿಯೂ ಅಲ್ಲಿ ಸೇರುತ್ತಾರೆ. ಹೊರಗೆ ತೆಲುಗು, ಹಿಂದಿ ಮಾತಾಡಿ ದಣಿದ ನಾಲಿಗೆಗಳು ಒಳಗೆ ಬಂದ ಕೂಡಲೇ ಊರಿನ ಕನ್ನಡಕ್ಕೆ ಹೊರಳುತ್ತವೆ.

ಸೂಗಪ್ಪ ದೇವದುರ್ಗದ ಕಡೆಯವನು. ಹೆಂಡತಿ ಶಿವದೇವಿ ರೊಟ್ಟಿ ಬಡಿಯುತ್ತಾಳೆ, ಅವನು ಬಡಿಸುತ್ತಾನೆ. ಬಡಿಸುವುದೆಂದರೆ ತಾಟಿಗೆ ಹಾಕಿ ಮುಂದೆ ಹೋಗುವುದಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು, "ಇನ್ನ ಅರ್ಧಾ ರೊಟ್ಟಿ, ನನ್ನ ಮ್ಯಾಲಾಣಿ," ಅನ್ನಬೇಕು. ಯಾರಾದರೂ ತಾಟಿಗೆ ಕೈ ಅಡ್ಡ ಹಿಡಿದರೆ, ಬೆರಳ ಸಂದಿಯಿಂದಲೇ ಪಲ್ಯ ಜಾರಿಸಬೇಕು. ಕಡಿಮೆ ಉಂಡು ಎದ್ದವನನ್ನು ಬಾಗಿಲವರೆಗೂ ಹಿಂಬಾಲಿಸಿ, "ಪಲ್ಯದಾಗ ಏನರ ಕಡಿಮಿ ಆಗಿತ್ತೇನೋ ತಮ್ಮಾ?" ಎಂದು ಕೇಳಬೇಕು. ಅವನ ಖಾನಾವಳಿಯಿಂದ ಹೊರಬಂದವರು ಗಲ್ಲಿಯ ತಿರುವಿನವರೆಗೆ ಬೆಲ್ಟು ಸಡಿಲಿಸಿಕೊಂಡೇ ನಡೆಯುತ್ತಿದ್ದರು.

ಇಂಥ ಮನೆಗೆ ಒಂದು ಸಂಜೆ ಮೊಲ ಬಂತು.

ತಂದವಳು ಮಗಳು ರಶ್ಮಿ. ಅವಳಿಗೆ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಜೊತೆಗೆ ಕೆಲಸ ಮಾಡುವ, ಮೊಲ ಸಾಕಿದ್ದ ಶೀತಲಳಿಗೆ ಮದುವೆಯಾಗಿ, ಗಂಡನಿಗೆ ಮೊಲದ ಕೂದಲು ತಾಗಿದರೆ ಸೀನು ನಿಲ್ಲುವುದಿಲ್ಲವೆಂದು ಗೊತ್ತಾಗಿ, ಗಂಡನೋ ಮೊಲವೋ ಎಂಬ ಪ್ರಶ್ನೆ ಬಂದಿತ್ತು. ಸ್ವಲ್ಪ ಯೋಚಿಸಿಯೇ ಅವಳು ಗಂಡನನ್ನು ಇಟ್ಟುಕೊಂಡಳು.

ಮೊಲ ಬೆಳ್ಳಗೆ, ಗುಂಡಗೆ ಇತ್ತು. ಕಿವಿಗಳ ತುದಿ ಮಾತ್ರ ಬೂದು. ಬುಟ್ಟಿಯಿಂದ ಇಳಿದದ್ದೇ ಕೋಣೆಯ ಮೂಲೆಮೂಲೆಯನ್ನು ಮೂಸಿ, ಕೊನೆಗೆ ಗಾದಿಯ ಮೇಲೆ ಹತ್ತಿ, ಮುಂಗಾಲು ಮಡಚಿ ಕುಳಿತುಬಿಟ್ಟಿತು.

"ನೋಡ ಹ್ಯಾಂಗ ಕುಂತೈತಿ," ಎಂದ ಸೂಗಪ್ಪ. "ಬಡ್ಡಿ ವಸೂಲಿಗೆ ಬಂದ ಸಾವಕಾರ ಕುಂತಾಂಗ."

ಹೀಗೆ ಅದಕ್ಕೆ ಸಾವಕಾರ ಎಂಬ ಹೆಸರು ನಿಂತಿತು.

ಶೀತಲ ಒಂದು ಚೀಲ ಹುಲ್ಲನ್ನೂ ಕಳಿಸಿದ್ದಳು. ಬೇರೆ ದೇಶದಿಂದ ಬರುವ, ಟಿಮೊಥಿ ಎಂಬ ಹೆಸರಿನ ಒಣಹುಲ್ಲು. ರಶ್ಮಿ ಅದನ್ನು ತಟ್ಟೆಯ ತುಂಬ ಸುರಿದು ಅಪ್ಪ, ಅವ್ವ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಇದು ದಿನಪೂರ್ತಿ ಮುಂದ ಇರಬೇಕು. ಇದ ಅದರ ಊಟ. ನೀರು ಇಡ್ರಿ. ಸಂಜಿಮುಂದ ಒಂದೀಟು ಕೊತ್ತಂಬರಿ. ಮತ್ತೇನೂ ಕೊಡಬ್ಯಾಡ್ರಿ. ಅಪ್ಪಾ, ನಿನಗ ಹೇಳಾಕತ್ತೀನಿ. ಮತ್ತೇನೂ ಅಂದ್ರ ಏನೂ ಇಲ್ಲ."

"ಗಜ್ಜರಿ?"

"ಗಜ್ಜರಿನೂ ಇಲ್ಲ. ಅದರಾಗ ಸಕ್ಕರಿ ಭಾಳ. ಯಾವಾಗರ ಒಮ್ಮೆ ಬೆರಳ ತುದಿಯಷ್ಟು."

ಸೂಗಪ್ಪ ಸುಮ್ಮನೆ ತಲೆಯಾಡಿಸಿದ. ಆದರೆ ಅವನ ಕಣ್ಣು ತಟ್ಟೆಯಲ್ಲಿದ್ದ ಒಣಹುಲ್ಲಿನ ಮೇಲೆಯೇ ಇತ್ತು. ಕೆಳಗೆ ಅಡುಗೆಮನೆಯಲ್ಲಿ ಎಣ್ಣೆಗಾಯಿ ಕುದಿಯುತ್ತಿದೆ, ಪುಂಡಿಪಲ್ಯಕ್ಕೆ ಒಗ್ಗರಣೆ ಬೀಳುತ್ತಿದೆ, ಮೇಲೆ ಬಂದ ಅತಿಥಿ ಒಣಹುಲ್ಲು ಅಗಿಯುತ್ತಿದೆ. ಕೆಳಗಿಳಿಯುವಾಗ ಮೆಟ್ಟಿಲಲ್ಲಿ ಹೆಂಡತಿಗೆ ಹೇಳಿದ: "ರಶ್ಮಿ ಅವ್ವಾ, ಮಂದಿ ನೋಡಿದ್ರ ಏನಂತಾರ? ಸೂಗಪ್ಪ ಊರಿಗೆಲ್ಲ ಉಣ್ಣಾಕ ಹಾಕ್ತಾನ, ಮನ್ಯಾಗಿನ ಜೀವಕ್ಕ ಹುಲ್ಲು ಹಾಕ್ತಾನ ಅಂತಾರ."

"ಮೊಲಕ್ಕ ಹುಲ್ಲು ಹಾಕದ ಹುಗ್ಗಿ ಮಾಡ್ತಾರೇನ್ರಿ? ಸುಮ್ನ ನಡೀರಿ," ಎಂದಳು ಶಿವದೇವಿ.

ಕೆಲವು ದಿನ ಅವನು ತಡೆದುಕೊಂಡ. ಒಂದು ಬೆಳಿಗ್ಗೆ ಜೋಳದ ಹಿಟ್ಟಿನ ಡಬ್ಬಿ ತರಲು ಮೇಲೆ ಬಂದವನು ಕಂಡ ನೋಟಕ್ಕೆ ಡಬ್ಬಿ ಮರೆತು ನಿಂತ. ಸಾವಕಾರ ಬಗ್ಗಿ, ತನ್ನ ಹಿಂದಿನಿಂದ ಬಂದ ಮೆತ್ತಗಿನ ಹಿಕ್ಕೆಯನ್ನು ಹಾಗೆಯೇ ಬಾಯಿಗೆ ತೆಗೆದುಕೊಂಡು ನಿಶ್ಚಿಂತೆಯಿಂದ ಅಗಿಯುತ್ತಿತ್ತು.

ಸೂಗಪ್ಪ ಯಾರಿಗೂ ಹೇಳಲಿಲ್ಲ. ಹೇಳುವ ಮಾತೇ ಅದು? ತನ್ನ ಮನೆಯಲ್ಲಿ ಒಂದು ಜೀವ ಹಸಿವು ತಾಳದೆ ತನ್ನ ಹಿಕ್ಕೆ ತಾನೇ ತಿನ್ನುವ ಗತಿಗೆ ಬಂತು ಎಂದು ಯಾವ ಬಾಯಿಂದ ಹೇಳಲಿ? ಕೆಳಗೆ ಹೋಗಿ, ಬಿಸಿ ರೊಟ್ಟಿಯ ಒಂದು ತುಣುಕನ್ನು ಧೋತರದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಮತ್ತೆ ಮೇಲೆ ಬಂದ.

ಸಾವಕಾರ ರೊಟ್ಟಿಯನ್ನು ಮೂಸಿತು. ಮೂಗು ಬಡಬಡ ಅಲುಗಿತು. ನಂತರ ಕಟಕಟ ಎಂದು ತಿಂದು, ಎರಡು ಕಾಲಿನ ಮೇಲೆ ನಿಂತು, ಮುಂಗಾಲನ್ನು ಅವನ ಮೊಣಕಾಲ ಮೇಲಿಟ್ಟಿತು.

ಅಷ್ಟೇ ಸಾಕಾಯಿತು. ಇಷ್ಟು ವರ್ಷ ಬಡಿಸಿದ ಸೂಗಪ್ಪನಿಗೆ ಕೈ ಅಡ್ಡ ಹಿಡಿಯುವವರೇ ಸಿಕ್ಕಿದ್ದರು. ತಾನಾಗಿ ಇನ್ನಷ್ಟು ಹಾಕು ಎಂದು ಮೊಣಕಾಲು ಹಿಡಿದವರು ಇದೇ ಮೊದಲು.

ರೊಟ್ಟಿಯ ನಂತರ ಬಾಳೆಹಣ್ಣು. ಬಾಳೆಹಣ್ಣಿನ ನಂತರ ಚುರುಮುರಿ. ನಾಗರಪಂಚಮಿಗೆ ಮಾಡಿದ ಶೇಂಗಾ ಹೋಳಿಗೆಯ ಅಂಚು. ಗುಟ್ಟು ಬಹಳ ದಿನ ಉಳಿಯಲಿಲ್ಲ. ಊಟಕ್ಕೆ ಬರುವವರಲ್ಲಿ ಕಲ್ಲೇಶ ಎಂಬ ಫಿಟ್ಟರ್ ಇದ್ದ. ಮೇಲೆ ಮೊಲ ಇದೆಯೆಂದು ತಿಳಿದ ದಿನದಿಂದ ಅವನು ಊಟವಾದ ಮೇಲೆ ಮೆಟ್ಟಿಲು ಹತ್ತಿ ಉಸ್ಮಾನಿಯಾ ಬಿಸ್ಕತ್ತು ಕೊಟ್ಟು ಬರತೊಡಗಿದ. ಬಿಸ್ಕತ್ತಿನ ಸದ್ದು ಕೇಳಿದರೆ ಸಾವಕಾರ ಗಾದಿಯಿಂದ ಜಿಗಿದು ಬರುತ್ತಿತ್ತು. "ನನ್ನ ಕಂಡ್ರ ಭಾಳ ಜೀವ ಇದಕ್ಕ," ಎಂದು ಕಲ್ಲೇಶ ಎಲ್ಲರ ಮುಂದೆ ಎದೆಯುಬ್ಬಿಸುತ್ತಿದ್ದ.

ಒಂದೇ ತೊಡಕೆಂದರೆ ಹುಲ್ಲು. ಹೋಳಿಗೆಯ ರುಚಿ ಕಂಡ ಸಾವಕಾರ ಅದನ್ನು ಮೂಸುವುದನ್ನೂ ಬಿಟ್ಟಿತ್ತು. ತಟ್ಟೆ ಹಾಗೇ ಉಳಿದರೆ ರಶ್ಮಿಗೆ ಗೊತ್ತಾಗುತ್ತದೆ. ಹಾಗಾಗಿ ಅವಳು ಕೆಲಸಕ್ಕೆ ಹೋದ ಮೇಲೆ ಸೂಗಪ್ಪ ಆ ಹುಲ್ಲನ್ನು ಚೀಲಕ್ಕೆ ತುಂಬಿ, ಗಲ್ಲಿಯ ಕೊನೆಯಲ್ಲಿ ಎಮ್ಮೆ ಕಟ್ಟಿದ್ದ ಹಾಲಿನ ಹನುಮಂತನಿಗೆ ಕೊಟ್ಟುಬರುತ್ತಿದ್ದ.

"ಇದೇನ್ ಹುಲ್ಲ್ರಿ ಸೂಗಪ್ಪಣ್ಣಾ? ಘಮಘಮ ಅಂತೈತಿ," ಎಂದು ಕೇಳಿದ ಹನುಮಂತ.

"ತಿಮ್ಮಯ್ಯನ ಹುಲ್ಲು," ಎಂದ ಸೂಗಪ್ಪ, ಕೇಳಿದ್ದು ನೆನಪಿದ್ದಷ್ಟು.

"ಯಾ ಊರಿನ ತಿಮ್ಮಯ್ಯ?"

"ದೂರದಾಂವ."

ಸಂಜೆ ಬಂದ ರಶ್ಮಿ ಖಾಲಿ ತಟ್ಟೆ ನೋಡಿ ಸಂತೋಷಪಡುತ್ತಿದ್ದಳು. "ನೋಡಪಾ, ಹುಲ್ಲು ತಿಂದು ಹ್ಯಾಂಗ ಮೈ ಹಿಡದೈತಿ!" ಎನ್ನುತ್ತಿದ್ದಳು. ಸೂಗಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಶಿವದೇವಿಗೆ ಸಂಶಯವಿತ್ತು. ರೊಟ್ಟಿ ಬುಟ್ಟಿಯಲ್ಲಿ ದಿನಕ್ಕೊಂದು ರೊಟ್ಟಿ ಕಡಿಮೆಯಾಗುತ್ತಿತ್ತು. ಆದರೆ ಗಂಡನೇ ಕದ್ದು ತಿನ್ನುತ್ತಿದ್ದಾನೆಂದು ಅವಳು ತಿಳಿದಿದ್ದಳು. ವಯಸ್ಸಿಗೆ ಹಸಿವು ಹೆಚ್ಚಾಗುತ್ತದೇನೋ ಎಂದು ಮರುಗಿ ಸುಮ್ಮನಿದ್ದಳು.

ಒಂದು ಗುರುವಾರ ಬೆಳಿಗ್ಗೆ ಸೂಗಪ್ಪ ರೊಟ್ಟಿ ತೆಗೆದುಕೊಂಡು ಬಂದಾಗ ಸಾವಕಾರ ಗಾದಿಯ ಮೇಲೆ ಇರಲಿಲ್ಲ. ಕಪಾಟಿನ ಹಿಂದೆ ಬೆನ್ನು ಗೂನು ಮಾಡಿಕೊಂಡು ಮುದುಡಿ ಕುಳಿತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ರೊಟ್ಟಿ ಹಿಡಿದರೆ ಮುಖ ತಿರುಗಿಸಿತು. ಸೂಗಪ್ಪ ಕೆಳಗೆ ಓಡಿ ಬಾಳೆಹಣ್ಣು ತಂದ. ಮುಖ ತಿರುಗಿಸಿತು. ಹೋಳಿಗೆ ತಂದ. ತಿರುಗಿಸಲು ಇನ್ನು ಬೇರೆ ದಿಕ್ಕಿಲ್ಲದೆ ಗೋಡೆಗೆ ಮೂತಿ ಒತ್ತಿಕೊಂಡಿತು. ಕಿವಿ ಮುಟ್ಟಿದರೆ ತಣ್ಣಗಿತ್ತು. ಹಲ್ಲು ಕಡಿಯುವ ಸಣ್ಣ ಸದ್ದು ಕೇಳುತ್ತಿತ್ತು.

"ರಶ್ಮಿ ಅವ್ವಾ! ಸಾವಕಾರ ಊಟ ಬ್ಯಾಡ ಅನ್ನಾಕತ್ತೈತಿ!"

ಹಿಟ್ಟಿನ ಕೈಯಲ್ಲೇ ಮೇಲೆ ಬಂದ ಶಿವದೇವಿ ಕಂಡದ್ದು ಮೊಲದ ಸುತ್ತ ಅರ್ಧವರ್ತುಲವಾಗಿ ಜೋಡಿಸಿದ್ದ ರೊಟ್ಟಿ, ಬಾಳೆಹಣ್ಣು, ಹೋಳಿಗೆ, ಚುರುಮುರಿ, ಒಂದು ಬಟ್ಟಲು ಶೇಂಗಾ ಚಟ್ನಿ. ಇಷ್ಟು ದಿನ ಬುಟ್ಟಿಯಿಂದ ಹೋದ ರೊಟ್ಟಿಯೆಲ್ಲ ಎಲ್ಲಿಗೆ ಹೋಯಿತೆಂದು ಅವಳಿಗೆ ಒಮ್ಮೆಲೇ ತಿಳಿಯಿತು. ಬಯ್ಯಲು ಬಾಯಿ ತೆರೆದಳು. ಗಂಡನ ಮುಖ ನೋಡಿ ಮುಚ್ಚಿದಳು.

"ವಾಯು ಆಗಿರಬೇಕು. ಸೋಡಾ ಕುಡಸೋಣೇನು?" ಎಂದ ಸೂಗಪ್ಪ.

"ನಿಮಗ ಕುಡಸ್ತೀನಿ ಸೋಡಾ. ಮದಲ ರಶ್ಮಿಗೆ ಫೋನ್ ಹಚ್ಚರಿ."

ಲ್ಯಾಬಿನೊಳಗೆ ಫೋನು ಒಯ್ಯುವಂತಿಲ್ಲ. ಚಹದ ಹೊತ್ತಿಗೆ ಹೊರಬಂದ ರಶ್ಮಿ, ಅಪ್ಪನಿಂದ ಬಂದ ಕರೆಗಳ ಸಾಲನ್ನು ನೋಡಿ ಗಾಬರಿಯಿಂದ ಫೋನ್ ಮಾಡಿದಳು.

"ಅಪ್ಪಾ, ಹಿಕ್ಕಿ ಹಾಕೈತೇನು?"

"ಏನು?"

"ಹಿಕ್ಕಿ! ಹುಲ್ಲಿನ ತಟ್ಟಿ ಹತ್ರ ನೋಡು. ನಿನ್ನೆ ಸಂಜಿಯಿಂದ ಹಿಕ್ಕಿ ಬಿದ್ದಾವೇನು?"

ಸೂಗಪ್ಪ ಮಂಡಿಯೂರಿ ಕೋಣೆಯನ್ನೆಲ್ಲ ಹುಡುಕಿದ. ಕಪಾಟಿನ ಕೆಳಗೆ ಕೈ ಹಾಕಿದ. ಸಿಕ್ಕಿದ್ದು ಶಿವದೇವಿಯ ಕಳೆದುಹೋದ ಕಿವಿಯೋಲೆ ಮಾತ್ರ. "ಒಂದೂ ಇಲ್ಲವ್ವಾ."

ಆ ಕಡೆ ರಶ್ಮಿಯ ದನಿ ಬದಲಾಯಿತು. "ಮೊಲದ ಹೊಟ್ಟಿ ನಿಂತ್ರ ತಡಾ ಮಾಡೂ ಹಂಗಿಲ್ಲಪ್ಪಾ. ನೀ ಏನೂ ಕುಡಸಬ್ಯಾಡ, ಏನೂ ತಿನಸಬ್ಯಾಡ. ಈಗಿಂದೀಗ ಕೂಕಟ್‌ಪಲ್ಲಿಗೆ ಕರ್ಕೊಂಡು ಹೋಗು. ಅಲ್ಲಿ ಮೊಲ ನೋಡೂ ಡಾಕ್ಟರ್ ಅದಾರ. ನಾ ಅವರಿಗೆ ಫೋನ್ ಮಾಡ್ತೀನಿ."

ಅಡುಗೆ ಒಲೆಯ ಮೇಲಿತ್ತು, ಊಟಕ್ಕೆ ಜನ ಬರುವ ಹೊತ್ತು. ಶಿವದೇವಿ ಕೆಳಗೇ ಉಳಿದಳು. ರೊಟ್ಟಿಯ ಬುಟ್ಟಿಯನ್ನು ಖಾಲಿ ಮಾಡಿ, ಒಳಗೆ ಮೆತ್ತನೆಯ ಸೀರೆ ಹಾಸಿ, ಮೊಲವನ್ನಿಟ್ಟು, ಮೇಲೆ ತೆಳುವಾದ ರೊಟ್ಟಿ ಬಟ್ಟೆ ಹೊದಿಸಿ ಕೊಟ್ಟಳು. ಅಷ್ಟರಲ್ಲಿ ಊಟಕ್ಕೆಂದು ಬೇಗ ಬಂದಿದ್ದ ಕಲ್ಲೇಶ ಊಟ ಬಿಟ್ಟು ಆಟೋ ನಿಲ್ಲಿಸಿದ.

ಆಟೋದವನು ಕನ್ನಡಿಯಲ್ಲಿ ಬುಟ್ಟಿಯನ್ನು ನೋಡಿ, ಜೋಳದ ರೊಟ್ಟಿಯ ವಾಸನೆಗೆ ಮೂಗರಳಿಸಿದ. "ಜವಾರ್ ಕೀ ರೋಟಿ ಹೈ ಕ್ಯಾ ಚಾಚಾ? ಖುಶ್ಬೂ ಆರೀ."

"ಅರೆ ಚಲೋ ಭಯ್ಯಾ, ಅಂದರ್ ಪೇಷಂಟ್ ಹೈ!" ಎಂದು ಕಲ್ಲೇಶ ಕೂಗಿದ. ಆಟೋದವನು ಬಟ್ಟೆಯ ಕೆಳಗಿಂದ ಎರಡು ಕಿವಿ ಹೊರಬಂದದ್ದನ್ನು ಕಂಡು, ಸಿಗ್ನಲ್ಲುಗಳ ಸಂದಿಯಲ್ಲಿ ನುಗ್ಗಿಸಿಕೊಂಡು ಹೋದ.

ಚಿಕಿತ್ಸಾಲಯದಲ್ಲಿ ಸಾಲಾಗಿ ನಾಯಿಗಳು ಕುಳಿತಿದ್ದವು. ಮೇಜಿನ ಹಿಂದಿದ್ದ ಹುಡುಗಿ ತೆಲುಗಿನಲ್ಲಿ ಹೆಸರು ಕೇಳಿದಳು.

"ಸೂಗಪ್ಪ."

"ಪೇಷಂಟ್ ಪೇರು ಚೆಪ್ಪಂಡಿ," ಎಂದು ರೋಗಿಯ ಹೆಸರು ಕೇಳಿದಳು.

"ಸಾವಕಾರ."

ಹುಡುಗಿ ಕುರ್ಚಿಗಳ ಕಡೆ ನೋಡಿ, ಯಾವ ಸಾವಕಾರನೂ ಕಾಣದೆ, ಬುಟ್ಟಿಯ ಕಡೆ ನೋಡಿ, ಬರೆದುಕೊಂಡಳು.

ಡಾಕ್ಟರ್ ಪ್ರಿಯಂವದಾ ಬೀದರಿನಲ್ಲಿ ಪಶುವೈದ್ಯ ಓದಿದವರು, ಮನೆಮಾತು ಕನ್ನಡ. ಮೊಲವನ್ನು ಎದೆಗೂ ಹಿಂಗಾಲಿಗೂ ಕೈಕೊಟ್ಟು ಎತ್ತಿ ಮೇಜಿನ ಮೇಲಿಟ್ಟರು. ಹೊಟ್ಟೆ ಒತ್ತಿ ನೋಡಿದರು. ಕಿವಿಗೆ ಕೊಳವೆ ಹಚ್ಚಿಕೊಂಡು ಬಹಳ ಹೊತ್ತು ಆಲಿಸಿದರು. ನಂತರ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿದರು.

"ಏನೇನು ತಿಂತದ ಇದು?"

"ಹುಲ್ಲ್ರಿ," ಎಂದ ಸೂಗಪ್ಪ.

"ಬರೇ ಹುಲ್ಲು?"

"ಬರೇ ಹುಲ್ಲ್ರಿ."

"ಬಿಸ್ಕತ್ತು ಹೇಳರಿ ಅಣ್ಣಾರ," ಎಂದು ಹಿಂದಿನಿಂದ ಕಲ್ಲೇಶ ಸಹಾಯಕ್ಕೆ ಬಂದ. "ದಿನಾ ನಾನ ಕೊಡ್ತೀನ್ರಿ ಮೇಡಂ, ನನ್ನ ಕೈಲೆ ಇಸ್ಕೊಂಡು ತಿಂತೈತಿ. ಹೋಳಿಗೀನೂ ತಿಂತೈತಿ. ಹೋಳಿಗಿ ಅಣ್ಣಾರು ಹಾಕ್ತಾರ್ರಿ."

ಡಾಕ್ಟರ್ ಕನ್ನಡಕದ ಮೇಲಿಂದ ಸೂಗಪ್ಪನನ್ನು ನೋಡಿದರು. ಸೂಗಪ್ಪನ ಬಾಯಿಂದ ಎಲ್ಲವೂ ಒಮ್ಮೆಗೇ ಹೊರಬಿತ್ತು.

"ಹಸಗೊಂಡು ತನ್ನ ಹಿಕ್ಕಿ ತಾನ ತಿನ್ನಾಕತ್ತಿತ್ರಿ ಡಾಕ್ಟರ್! ನನ್ನ ಕಣ್ಣಾರೆ ನೋಡೀನಿ. ನೂರು ಮಂದಿಗೆ ಉಣ್ಣಾಕ ಹಾಕೂ ಮನುಷ್ಯಾ ನಾ. ನನ್ನ ಮನ್ಯಾಗ ಅದು ಹಿಕ್ಕಿ ತಿಂದ್ರ ನಾ ಹ್ಯಾಂಗ ಸುಮ್ನಿರಲಿ? ರೊಟ್ಟಿ ಹಾಕಿದೆ. ಆಮ್ಯಾಲ ಹಣ್ಣು ಹಾಕಿದೆ. ಆಮ್ಯಾಲ... ಹಾಕ್ಕೋತ ಹೋದ್ನಿ."

ಪ್ರಿಯಂವದಾ ನಗಲಿಲ್ಲ, ಆದರೆ ನಗದಿರಲು ಸ್ವಲ್ಪ ಹೊತ್ತು ಮೊಲದ ಬೆನ್ನು ಸವರಬೇಕಾಯಿತು.

"ಅದು ಹಸಿವಿಗೆ ಅಲ್ರಿ. ಎಲ್ಲಾ ಮೊಲಾನೂ ಹಂಗ ಮಾಡ್ತಾವ. ಒಂದು ಥರದ ಮೆತ್ತಂದು ಇರ್ತದ, ಅದನ್ನ ಮತ್ತ ತಿಂದ್ರನೇ ಅದರಾಗಿನ ಸತ್ವ ಮೈಗೆ ಹತ್ತತದ. ಅದು ಬ್ಯಾರೆ, ಗಟ್ಟಿ ಗುಂಡು ಹಿಕ್ಕಿ ಬ್ಯಾರೆ. ನಿಮ್ಮ ಮೊಲ ಆಗ ಭಾಳ ಛಲೋ ಇತ್ತು. ನೀವು ಕೆಡಿಸೀರಿ."

ಸೂಗಪ್ಪ ಬುಟ್ಟಿಯ ಅಂಚು ಹಿಡಿದುಕೊಂಡ.

"ಮೊಲದ ಹೊಟ್ಟಿ ಹುಲ್ಲಿನ ಮ್ಯಾಲೆ ನಡೀತದ. ಹುಲ್ಲಿನ ನಾರು ಒಳಗ ತಳ್ಳಿಕೋತ ಹೋದ್ರನೇ ಅದು ಚಾಲೂ ಇರ್ತದ. ಹಿಟ್ಟು, ಸಕ್ಕರಿ ಹಾಕಿದ್ರ ಒಳಗ ಗ್ಯಾಸ್ ತುಂಬತದ, ಹೊಟ್ಟಿ ನಿಂತಬಿಡ್ತದ. ನಮಗಾದ್ರ ವಾಂತಿ ಆಗಿ ಹೊರಗ ಬರ್ತದ. ಇದಕ್ಕ ವಾಂತಿ ಮಾಡಲಿಕ್ಕೂ ಬರೂದಿಲ್ಲ. ಹಲ್ಲು ನೋಡ್ರಿ, ಇದರ ಹಲ್ಲು ಸಾಯೂತನಾ ಬೆಳೀತಾನ ಇರ್ತಾವ. ಹುಲ್ಲು ಅಗದ್ರ ಸವೀತಾವ. ಹೋಳಿಗಿ ತಿಂದ್ರ ಹ್ಯಾಂಗ ಸವೀಬೇಕು? ಹಿಂದಿನ ಹಲ್ಲು ಒಂದು ಚೂಪಾಗಲಿಕ್ಕೆ ಹತ್ತೇದ."

ಎಕ್ಸ್-ರೇ ತೆಗೆದು ನೋಡಿದರು. ಕರುಳಿಗೆ ಏನೂ ಅಡ್ಡವಾಗಿರಲಿಲ್ಲ. ಗ್ಯಾಸ್ ತುಂಬಿ ಹೊಟ್ಟೆ ಮಂದವಾಗಿತ್ತು. ಮೊಲವನ್ನು ಬೆಚ್ಚಗಿನ ಬಟ್ಟೆಯ ಮೇಲೆ ಮಲಗಿಸಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಚರ್ಮದಡಿ ಸಲೈನ್ ಹಾಕಿ, ಮಧ್ಯಾಹ್ನವೆಲ್ಲ ತಮ್ಮ ಕಣ್ಣೆದುರೇ ಇಟ್ಟುಕೊಂಡರು. ಸೂಗಪ್ಪ ನಾಯಿಗಳ ಸಾಲಿನ ಕೊನೆಯಲ್ಲಿ ಕುಳಿತೇ ಇದ್ದ. ಕಲ್ಲೇಶನಿಗೆ ಹಸಿವಾಗಿತ್ತು. ಜೇಬಿನಲ್ಲಿದ್ದ ಬಿಸ್ಕತ್ತನ್ನು ತೆಗೆಯಲು ಧೈರ್ಯವಿರಲಿಲ್ಲ.

ಸಂಜೆ ಬುಟ್ಟಿ ಮರಳಿಸುವಾಗ ಡಾಕ್ಟರ್ ಹುಲ್ಲಿನ ಪುಡಿಯ ಪೊಟ್ಟಣ ಮತ್ತು ಸೂಜಿಯಿಲ್ಲದ ಪಿಚಕಾರಿಯನ್ನು ಕೊಟ್ಟರು. "ಇದನ್ನ ನೀರಾಗ ಕಲಸಿ, ಹಲ್ಲಿನ ಪಕ್ಕದಿಂದ ಸಾವಕಾಶ ಬಾಯಾಗ ಬಿಡ್ರಿ. ಒಮ್ಮೆಲೆ ಒತ್ತಬ್ಯಾಡ್ರಿ, ಉಸುರಿಗೆ ಹೋದೀತು. ತಾನ ತಿನ್ನೂತನಾ ನೀವು ತಿನಸಬೇಕು. ಹಿಕ್ಕಿ ಬಿದ್ದಕೂಡ್ಲೆ ನನಗ ಫೋನ್ ಮಾಡ್ರಿ. ನಾಳೆ ಮಧ್ಯಾಹ್ನದ ತನಕಾ ಬೀಳ್ಲಿಲ್ಲಂದ್ರ ಮತ್ತ ಕರ್ಕೊಂಡು ಬರ್ರಿ. ಆಮ್ಯಾಲ ಇನ್ನೊಂದು ಮಾತು. ಇದು ಸಾವಕಾರ ಅಲ್ಲ."

"ಮತ್ತ?"

"ಸಾವಕಾರ್ತಿ. ಹೆಣ್ಣು ಇದು. ಹುಷಾರಾದ ಮ್ಯಾಲ ಗರ್ಭಕೋಶದ ಆಪರೇಷನ್ ಮಾಡಿಸೋದು ಛಲೋ, ಇಲ್ಲಾಂದ್ರ ಮುಂದ ಅಲ್ಲಿ ಗಡ್ಡಿ ಆಗೂ ಹೆದರಿಕಿ ಇರ್ತದ. ಅದು ಆಮ್ಯಾಲಿನ ಮಾತು."

ಮನೆಗೆ ಬಂದಾಗ ರಶ್ಮಿ ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪನನ್ನು ಬಯ್ಯಲೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆದರೆ ಅಪ್ಪ ಬುಟ್ಟಿಯನ್ನು ಎರಡೂ ಕೈಯಲ್ಲಿ ಎದೆಗವಚಿ ಆಟೋದಿಂದ ಇಳಿದ ರೀತಿ ನೋಡಿ, ಜೋಡಿಸಿದ್ದನ್ನೆಲ್ಲ ಬಿಟ್ಟು ಬುಟ್ಟಿಗೆ ಕೈ ಚಾಚಿದಳು. ಅದೇ ಹೊತ್ತಿಗೆ ಹಾಲಿನ ಹನುಮಂತ ಕ್ಯಾನು ಹಿಡಿದು ಬಂದ.

"ಸೂಗಪ್ಪಣ್ಣಾ, ಇವತ್ತ್ಯಾಕ ಹುಲ್ಲು ತರಲಿಲ್ಲ? ನಮ್ಮ ಎಮ್ಮಿ ಬ್ಯಾರೆ ಮೇವು ಮುಟ್ಟವಲ್ಲದು. ತಿಮ್ಮಯ್ಯನ ಹುಲ್ಲ ಬೇಕಂತ ಹಟಾ ಹಿಡದೈತಿ."

ರಶ್ಮಿ ಹನುಮಂತನನ್ನು ನೋಡಿದಳು. ಅಪ್ಪನನ್ನು ನೋಡಿದಳು. "ಅಪ್ಪಾ, ಆ ಹುಲ್ಲು... ಎಮ್ಮಿಗೆ?"

"ಹಾಲು ನಮ್ಮ ಮನೀಗೇ ಬರ್ತಿತ್ತಲ್ಲವ್ವಾ," ಎಂದ ಸೂಗಪ್ಪ ಕ್ಷೀಣವಾಗಿ.

ಶಿವದೇವಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ರಶ್ಮಿ ಮಾತ್ರ ನಗಲಿಲ್ಲ. ಆ ಸಂಜೆ ಅಪ್ಪನ ಜೊತೆ ಕೆಲಸದ ಮಾತಷ್ಟೇ ಆಡಿದಳು: "ಬಟ್ಟಿ ಹಿಡಿ." "ತಲಿ ಮ್ಯಾಲೆ ಮಾಡು." "ಸಾಕು."

ತಿನ್ನಿಸುವುದು ಸುಲಭವಿರಲಿಲ್ಲ. ಶಿವದೇವಿ ಮೊಲವನ್ನು ಕೂಸಿನಂತೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ರಶ್ಮಿ ಪಿಚಕಾರಿ ಹಿಡಿದರೆ ಸಾವಕಾರ್ತಿ ಹಲ್ಲು ಕಚ್ಚಿತು. ಬಾಯಿಗೆ ಹೋದದ್ದೆಲ್ಲ ಗದ್ದದ ಮೇಲೆ ಇಳಿಯಿತು. ಕೊನೆಗೆ ರಶ್ಮಿ ಸುಸ್ತಾಗಿ ಪಿಚಕಾರಿಯನ್ನು ಅಪ್ಪನ ಕೈಗೆ ಕೊಟ್ಟಳು.

ಊರಿಗೆಲ್ಲ ಒತ್ತಾಯ ಮಾಡಿದ ಕೈ ಈಗ ಒಂದು ಹನಿ ಹಸಿರು ಗಂಜಿ ಬಿಡಲು ಹೆದರಿತು. ಹನಿಯನ್ನು ತುಟಿಯ ಅಂಚಿಗೆ ತಾಗಿಸಿ, ಗೊತ್ತಿದ್ದ ಒಂದೇ ಮಾತನ್ನು ಆಡಿದ. "ಇನ್ನ ಒಂದ ತುತ್ತು. ನನ್ನ ಮ್ಯಾಲಾಣಿ. ಇಷ್ಟ ತಿಂದುಬಿಡು ನನ್ನವ್ವಾ. ಇದು ಕಡೀದು. ಇದು ಕಡೀದು ಅಲ್ಲ, ಇನ್ನೊಂದು ಐತಿ."

ಸಾವಕಾರ್ತಿ ಮೊದಲ ತುತ್ತನ್ನು ಅವನ ಅಂಗಿಯ ಮೇಲೆ ಉಗುಳಿತು. ಎರಡನೆಯದನ್ನು ಮೀಸೆಯ ಮೇಲೆ. ಆಮೇಲಿನದನ್ನು ನುಂಗಿತು.

ಆ ರಾತ್ರಿ ಊಟದ ಹೊತ್ತಿಗೆ ಖಾನಾವಳಿಯಲ್ಲಿ ಹಿಂದೆಂದೂ ಆಗದ್ದು ಆಯಿತು. ಸೂಗಪ್ಪ ಬಡಿಸಿದ, ಆದರೆ ಯಾರಿಗೂ ಒತ್ತಾಯ ಮಾಡಲಿಲ್ಲ. ಜನ ಅಭ್ಯಾಸದಂತೆ ತಾಟಿಗೆ ಕೈ ಅಡ್ಡ ಹಿಡಿದರು, ಅವನು "ಹಂಗೇನು?" ಎಂದು ಮುಂದೆ ಹೋದ. ಅಡ್ಡ ಹಿಡಿದ ಕೈಗಳು ಹಾಗೇ ಗಾಳಿಯಲ್ಲಿ ಉಳಿದವು. ಬೇಡ ಅಂದರೂ ಬೀಳುತ್ತದೆ ಎಂದು ನಂಬಿ ಕುಳಿತವರು ಅರೆಹೊಟ್ಟೆಯಲ್ಲಿ ಎದ್ದರು. ನಿವೃತ್ತ ಗುಮಾಸ್ತ ಅಮರಯ್ಯನವರು ಕೈ ತೊಳೆಯುತ್ತ, "ಏನರ ಕೆಟ್ಟ ಸುದ್ದಿ ಬಂದೈತೇನು? ಊರಾಗ ಯಾರರ ಹೋದ್ರೇನು?" ಎಂದು ಕಲ್ಲೇಶನ ಕಿವಿಯಲ್ಲಿ ಕೇಳಿದರು. ಕಲ್ಲೇಶ ಎಲ್ಲವನ್ನೂ ಹೇಳಿದ. ಬಿಸ್ಕತ್ತಿನ ಮಾತು ಬಿಟ್ಟು.

ಮರುದಿನ ಮಧ್ಯಾಹ್ನ ಊಟದ ಕೋಣೆ ತುಂಬಿತ್ತು. ಬ್ಯಾಂಕಿನಿಂದ ಮೊದಲ ಸಲ ಬಂದಿದ್ದ ಇಬ್ಬರು, ಇಸ್ತ್ರಿ ಅಂಗಿ ತೊಟ್ಟು, ಎಣ್ಣೆಗಾಯಿಯನ್ನು ಎಚ್ಚರದಿಂದ ಮುರಿಯುತ್ತಿದ್ದರು. ಆಗ ಮೇಲಿನ ಮೆಟ್ಟಿಲುಗಳ ಮೇಲೆ ಯಾರೋ ಜಾರಿ, ಸಾವರಿಸಿಕೊಂಡು, ಮತ್ತೆ ಓಡುವ ಸದ್ದು ಕೇಳಿತು. ಬಾಗಿಲಲ್ಲಿ ಸೂಗಪ್ಪ ಕಾಣಿಸಿಕೊಂಡ. ಅಂಗೈಯಲ್ಲಿ ಏನನ್ನೋ ಮುತ್ತಿನಂತೆ ಹಿಡಿದು ಮೇಲೆತ್ತಿದ್ದ.

"ಹಿಕ್ಕಿ ಹಾಕೈತ್ರೆಪೋ! ಹಿಕ್ಕಿ ಹಾಕೈತಿ!"

ಕಲ್ಲೇಶ ತಾಟು ಬಡಿದ. ಫಿಟ್ಟರುಗಳು, ವೆಲ್ಡರುಗಳು ಶಿಳ್ಳೆ ಹಾಕಿದರು. ಅಮರಯ್ಯನವರು ಎಡಗೈಯಿಂದಲೇ ನಮಸ್ಕಾರ ಮಾಡಿ, "ಗಟ್ಟಿ ಐತೇನು, ಮೆತ್ತಗೈತೇನು?" ಎಂದು ವಿಚಾರಿಸಿದರು.

"ಗಟ್ಟಿ ಐತ್ರಿ! ಸಣ್ಣದೈತಿ, ಖರೆ ಗಟ್ಟಿ ಐತಿ! ನೋಡ್ರಿಲ್ಲೆ!"

ಬ್ಯಾಂಕಿನ ಇಬ್ಬರೂ ನೋಡಿದರು. ಒಬ್ಬನು ತುತ್ತನ್ನು ತಾಟಿಗೆ ಮರಳಿಸಿದ. ಅಡುಗೆಮನೆಯಿಂದ ಶಿವದೇವಿ ಹೊರಬಂದು, ಗಂಡನ ಅಂಗೈಯನ್ನೂ ಅದರ ಪಕ್ಕದಲ್ಲಿದ್ದ ಬದನೆಕಾಯಿ ಪಾತ್ರೆಯನ್ನೂ ಒಟ್ಟಿಗೆ ಕಂಡಳು.

"ಕೈ ತೊಳಕೊಳ್ರಿ ಮದಲ!" ಎಂದು ಅವಳು ಅರಚಿದ್ದು ಗಲ್ಲಿಯ ಕೊನೆಗೆ ಕಟ್ಟಿದ್ದ ಎಮ್ಮೆಗೂ ಕೇಳಿಸಿರಬೇಕು.

ಅವನು ಕೈ ತೊಳೆದ. ಸಾಬೂನು ಹಚ್ಚಿ ತೊಳೆದ. ನಂತರ ಡಾಕ್ಟರಿಗೆ ಫೋನು ಮಾಡಿ, "ಬಿತ್ರಿ" ಎಂದಷ್ಟೇ ಹೇಳಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಮೂಲೆಗೆ ಹೋಗಿ ಕಣ್ಣೊರೆಸಿಕೊಂಡ.

ಆ ದಿನದಿಂದ ಮನೆಯ ಕಾನೂನು ಬಿಗಿಯಾಯಿತು. ರಶ್ಮಿ ಹೊಸ ಹುಲ್ಲಿನ ಚೀಲ ತಂದಳು; ಅದರ ಜವಾಬ್ದಾರಿಯನ್ನು ಅಪ್ಪನಿಗೇ ಒಪ್ಪಿಸಿದಳು. ಸೂಗಪ್ಪ ಹುಲ್ಲನ್ನು ಜೋಳ ಪರೀಕ್ಷಿಸುವಂತೆ ಪರೀಕ್ಷಿಸತೊಡಗಿದ. ಅಂಗೈಯಲ್ಲಿ ತಿಕ್ಕಿ ಮೂಸುತ್ತಿದ್ದ, ಬೂಷ್ಟು ಹಿಡಿದ ಎಳೆ ಕಂಡರೆ ಆರಿಸಿ ಎಸೆಯುತ್ತಿದ್ದ, ಹಸಿರು ಉಳಿದ ಎಳೆಗಳನ್ನು ಮೇಲೆ ಹರಡುತ್ತಿದ್ದ. ನೀರಿಗೆ ಬಟ್ಟಲು ಇಟ್ಟ. ಸಂಜೆಗೆ ಕೊತ್ತಂಬರಿ, ಕೆಲವೊಮ್ಮೆ ಮೂಲಂಗಿ ಸೊಪ್ಪು, ತೊಳೆದು, ನೀರು ಝಾಡಿಸಿ. ರೊಟ್ಟಿ ಕಂಡು ಸಾವಕಾರ್ತಿ ಮೊಣಕಾಲ ಮೇಲೆ ಕಾಲಿಟ್ಟರೆ, ಅವನು ಸೀಲಿಂಗ್ ಫ್ಯಾನ್ ನೋಡುತ್ತ ಕುಳಿತಿರುತ್ತಿದ್ದ. ಆ ಹೊತ್ತಿನಲ್ಲಿ ಅವನ ಮುಖ ಕಂಡವರಿಗೆ ಕಾಯಿಲೆಯಾದದ್ದು ಅವನಿಗೇ ಎಂದು ಅನಿಸುತ್ತಿತ್ತು. ಮೊದಲ ದಿನಗಳಲ್ಲಿ ಮೊಲ ಸಿಟ್ಟಿನಿಂದ ಹಿಂಗಾಲು ನೆಲಕ್ಕೆ ಬಡಿದು, ಬೆನ್ನು ತಿರುಗಿಸಿ ಕೂರುತ್ತಿತ್ತು. ಆಮೇಲೆ ಹುಲ್ಲಿಗೆ ಬಾಯಿ ಹಾಕಿತು. ಕರಕರ ಎಂದು ಎಳೆಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುವ ಸದ್ದು ಕೇಳಿ ಸೂಗಪ್ಪ ಮೆಟ್ಟಿಲ ಮೇಲೆಯೇ ನಿಲ್ಲುತ್ತಿದ್ದ.

ಕಲ್ಲೇಶನಿಗೆ ಹೊಸ ಕೆಲಸ ಸಿಕ್ಕಿತು. ಮೆಟ್ಟಿಲು ಹತ್ತುವವರ ಜೇಬು ಮುಟ್ಟಿ ನೋಡುವುದು. ತನ್ನದನ್ನೂ ತಾನೇ ಮುಟ್ಟಿ ತೋರಿಸುತ್ತಿದ್ದ.

ತೂಕ ಇಳಿದ ಮೇಲೆ ಡಾಕ್ಟರ್ ಪ್ರಿಯಂವದಾ ಚೂಪಾದ ಹಲ್ಲನ್ನು ಸರಿಮಾಡಿದರು. ಆಪರೇಷನ್ನೂ ಆಯಿತು. ರಾತ್ರಿಯಿಂದ ಉಪವಾಸ ಇಡಬೇಕೇ ಎಂದು ಸೂಗಪ್ಪ ಕೇಳಿದ್ದಕ್ಕೆ, "ಇಲ್ರಿ, ಮೊಲಕ್ಕ ಉಪವಾಸ ಇಡೂ ಹಂಗಿಲ್ಲ, ದವಾಖಾನಿ ಬಾಗಲಾಗ ಬರೂತನಾ ಹುಲ್ಲು ತಿಂದ್ರೂ ನಡೀತದ," ಎಂದರು. ಆ ಮಾತು ಕೇಳಿದ ಮೇಲೆ ಅವನಿಗೆ ಡಾಕ್ಟರ ಮೇಲಿದ್ದ ಭಕ್ತಿ ಇಮ್ಮಡಿಯಾಯಿತು.

ಹೊಲಿಗೆ ಮಾಯ್ದು, ಮೈಮೇಲೆ ಕೂದಲು ಬೆಳೆದ ಮೇಲಿನ ಒಂದು ಮಧ್ಯಾಹ್ನ. ಖಾನಾವಳಿ ಮುಚ್ಚಿ ಸೂಗಪ್ಪ ಮೇಲೆ ಬಂದು ಚಾಪೆಯ ಮೇಲೆ ಅಡ್ಡಾಗಿದ್ದ. ಸಾವಕಾರ್ತಿ ಕುಪ್ಪಳಿಸುತ್ತ ಬಂದು ಅವನ ಕೈಯ ಪಕ್ಕ ನಿಂತಿತು. ಒಂದು ಸಲ ಅವನ ಮೊಣಕೈ ಮೂಸಿತು. ಇದ್ದಕ್ಕಿದ್ದ ಹಾಗೆ, ಯಾರೋ ಗುಂಡು ಹೊಡೆದಂತೆ, ಧಪ್ಪನೆ ಪಕ್ಕಕ್ಕೆ ಬಿದ್ದು, ಕಾಲು ಚಾಚಿ, ಕಣ್ಣು ಮುಚ್ಚಿತು.

"ರಶ್ಮಿ ಅವ್ವಾ! ಹೋತು! ನಮ್ಮ ಸಾವಕಾರ್ತಿ ಹೋತು!"

ಶಿವದೇವಿ ಓಡಿಬಂದಳು. ರಜೆಯಿದ್ದ ರಶ್ಮಿ ಕೂದಲು ಒರೆಸಿಕೊಳ್ಳುತ್ತ ಓಡಿಬಂದಳು. ಅಷ್ಟರಲ್ಲಿ ಗದ್ದಲಕ್ಕೆ ಬೇಸತ್ತ ಹೆಣ ಎದ್ದು, ಹಿಂಗಾಲು ಬಡಿದು, ಗಾದಿಯ ಕೆಳಗೆ ಹೋಗಿ ಸೇರಿತ್ತು.

ರಶ್ಮಿ ನೆಲದ ಮೇಲೆ ಕುಳಿತು ನಕ್ಕಳು. ಹುಲ್ಲಿನ ವಿಷಯ ಹೊರಬಿದ್ದ ಮೇಲೆ ಅಪ್ಪನ ಮುಂದೆ ಅವಳು ಅಷ್ಟು ನಕ್ಕದ್ದು ಅದೇ ಮೊದಲು. "ಸತ್ತಿಲ್ಲಪ್ಪಾ ಅದು. ಮೊಲ ಹಂಗ ಬೀಳೋದು ಯಾರ ಮ್ಯಾಲೆ ಪೂರಾ ಭರೋಸ ಐತೋ ಅವರ ಹತ್ರ ಮಾತ್ರ. ನನ್ನ ಮುಂದ ಇನ್ನಾ ಒಮ್ಮೆನೂ ಬಿದ್ದಿಲ್ಲ. ನೀ ನೋಡಿದ್ರ ಬೊಬ್ಬಿ ಹೊಡದು ಎಬ್ಬಿಸೀದಿ."

ಸೂಗಪ್ಪ ಗಾದಿಯ ಕೆಳಗೆ ತಲೆ ಹಾಕಿ ಬಹಳ ಹೊತ್ತು ಕ್ಷಮೆ ಕೇಳಿದ.

ಮರುದಿನ ಮಧ್ಯಾಹ್ನ ಅವನು ಅದೇ ಚಾಪೆಯ ಮೇಲೆ, ಅದೇ ಕೈ ಚಾಚಿ ಮಲಗಿದ. ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದ. ಸ್ವಲ್ಪ ಹೊತ್ತಿನ ಮೇಲೆ ಮೊಣಕೈಗೆ ಮೀಸೆಯ ಕಚಗುಳಿ ತಾಗಿತು. ಆಮೇಲೆ ಧಪ್ಪ್ ಎಂದು ಸದ್ದಾಗಿ, ಬೆಚ್ಚಗಿನ ಬೆನ್ನೊಂದು ಅವನ ಪಕ್ಕೆಗೆ ಒರಗಿತು.

ಶಿವದೇವಿ ಎರಡು ಕಪ್ ಚಹ ತಂದಳು. ಸೂಗಪ್ಪ ಉಸಿರು ಸಣ್ಣಗೆ ಮಾಡಿ, ಕಣ್ಣಲ್ಲೇ ಮೊಲವನ್ನು ತೋರಿಸಿ, ಏಳಲಾಗುವುದಿಲ್ಲವೆಂದು ಹುಬ್ಬು ಅಲ್ಲಾಡಿಸಿದ. ಅವನ ಕೈ ಜೋಮು ಹಿಡಿದಿತ್ತು, ಮೂಗಿನ ಮೇಲೆ ನೊಣ ಕುಳಿತಿತ್ತು. ಶಿವದೇವಿ ಸೆರಗಿನಿಂದ ನೊಣ ಓಡಿಸಿ, ಗೋಡೆಗೆ ಆತು ಕುಳಿತು, ಮೊದಲು ತನ್ನ ಚಹವನ್ನೂ ಆಮೇಲೆ ಅವನದನ್ನೂ ಕುಡಿದಳು.